ಆಕಾಶದ ತೂತು, ಊರಿನ ಹೊಳೆ

'ಪರಿಸರ' ಎಂಬ ಮಾತನ್ನು ನಮ್ಮ ತಲೆಮಾರಿನವರು ಎರಡು ಸಲ ಕಲಿತೆವು. ಮೊದಲ ಸಲ ಕಲಿತಾಗ ಅದು ಸುತ್ತಮುತ್ತಲ ಜಾಗವನ್ನು ಹೇಳುವ ಸಾಧಾರಣ ಪದ. ದೇವಸ್ಥಾನದ ಪರಿಸರ, ಶಾಲೆಯ ಪರಿಸರ, ಅಷ್ಟೆ. ಎರಡನೆಯ ಸಲ ಅದು ಬಂದದ್ದು ಮಾಲಿನ್ಯ, ಸಂರಕ್ಷಣೆ, ದಿನಾಚರಣೆ ಎಂಬ ಬಾಲಗಳನ್ನು ಕಟ್ಟಿಕೊಂಡು. 1972ರ ಜೂನ್ 5ರಂದು ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಆರಂಭವಾದದ್ದು, 1974ರಲ್ಲಿ ನಮ್ಮ ಸಂಸತ್ತು ಜಲಮಾಲಿನ್ಯ ತಡೆ ಕಾಯಿದೆಯನ್ನು ಮಾಡಿದ್ದು, ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣಕ್ಕೆಂದು ಒಂದು ಮಂಡಳಿ ಹುಟ್ಟಿದ್ದು, ಇವೆಲ್ಲ ಇತಿಹಾಸದ ದಾಖಲೆಗಳು. ಆದರೆ ಈ ಹೊಸ ಅರ್ಥದ ಪರಿಸರ ನಮ್ಮ ಶಿವಮೊಗ್ಗ, ಭದ್ರಾವತಿಗಳಂಥ ಊರುಗಳ ಜನರ ಬಾಯಿಗೆ ಯಾವಾಗ, ಯಾವ ದಾರಿಯಲ್ಲಿ ಬಂದಿತು ಎಂಬುದು ಯಾವ ದಾಖಲೆಯಲ್ಲೂ ಇಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದು, ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಕಂಡಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಭದ್ರಾವತಿಯನ್ನು ಹಿಂದೆ ಬೆಂಕಿಪುರ ಎಂದು ಕರೆಯುತ್ತಿದ್ದರು. ಆ ಹೆಸರಿಗೆ ತಕ್ಕ ಬೆಂಕಿ ಊರಿಗೆ ಬಂದದ್ದು 1923ರಲ್ಲಿ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಆ ವರ್ಷದ ಜನವರಿಯಲ್ಲಿ ಕೆಲಸ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಕಾಲ ಮೇಲೆ ನಿಲ್ಲಿಸಿದರು. ಅದಿರು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಇಳಿದು ಬರುತ್ತಿತ್ತು. ಕಬ್ಬಿಣ ಕರಗಿಸಲು ಬೇರೆಡೆ ಕಲ್ಲಿದ್ದಲು ಬಳಸಿದರೆ ಇಲ್ಲಿ ಬಳಸಿದ್ದು ಮರದ ಇದ್ದಿಲು, ಏಕೆಂದರೆ ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. ಮಲೆನಾಡಿನ ಮರಗಳು ಇಲ್ಲಿಗೆ ಬಂದು, ಗಾಳಿಯಾಡದ ಪಾತ್ರೆಗಳಲ್ಲಿ ಬೆಂದು ಇದ್ದಿಲಾದವು. ಆ ಬೇಯುವಿಕೆಯಲ್ಲಿ ಹೊರಬಂದ ಆವಿಯಿಂದ ಮರದ ಮದ್ಯಸಾರ, ಡಾಂಬರು ಮುಂತಾದ ಉಪೋತ್ಪನ್ನಗಳನ್ನು ತೆಗೆಯುತ್ತಿದ್ದರು. ಒಂದು ಚೂರನ್ನೂ ಹಾಳುಮಾಡದ ಜಾಣತನ ಅದು. ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ಅಲ್ಲಿಯವರೆಗಿನ ಲೆಕ್ಕದಲ್ಲಿ ಕಾಡು ಎಂದರೆ ಸೌದೆಯ ದಾಸ್ತಾನು. ಅದು ಆ ಕಾಲದ ನೋಟ. ಕಾಡನ್ನು ಕಬ್ಬಿಣವಾಗಿಸುವುದೇ ನಾಡಿನ ಏಳಿಗೆಯೆಂದು ನಂಬಿದವರು ದುರಾಸೆಯವರಾಗಿರಲಿಲ್ಲ, ಪ್ರಾಮಾಣಿಕರಾಗಿದ್ದರು ಎಂಬುದನ್ನು ನಾವು ಮರೆಯಬಾರದು.

ನಮ್ಮ ತಂದೆಯವರೂ ಕುಲುಮೆಯ ಕೆಲಸದವರೇ. ಊರಲ್ಲಿ ಗಡಿಯಾರವಿಲ್ಲದ ಮನೆಗಳಿಗೆ ಪಾಳಿಯ ಸೈರನ್ನೇ ಗಡಿಯಾರ. ಅದು ಕೂಗಿದರೆ ಹಾಲು ಕಾಯಿಸಬೇಕು, ಮತ್ತೆ ಕೂಗಿದರೆ ಮಕ್ಕಳು ಶಾಲೆಗೆ ಹೊರಡಬೇಕು. ಚಿಮಣಿಯ ಹೊಗೆ ಯಾವ ಕಡೆ ವಾಲಿದೆ ಎಂದು ನೋಡಿ ಅಮ್ಮ ಮಳೆಯ ಗಾಳಿ ಎದ್ದಿತೇ ಇಲ್ಲವೇ ಎಂದು ಹೇಳುತ್ತಿದ್ದಳು. "ಅಲ್ಲಿ ಹೊಗೆ ಎದ್ದರೆ ನಮ್ಮ ಒಲೇಲೂ ಹೊಗೆ ಏಳ್ತದೆ" ಎನ್ನುವುದು ಅಪ್ಪನ ಮಾತು. ಇಂಥ ಊರಿನಲ್ಲಿ ಹೊಗೆಯನ್ನು ಮಾಲಿನ್ಯವೆಂದು ಕರೆಯುವುದು ಅನ್ನವನ್ನು ಎಂಜಲೆಂದು ಕರೆದಂತೆ ಕೇಳಿಸುತ್ತಿತ್ತು. ಪರಿಸರ ಪ್ರಜ್ಞೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜನ ತಿಳಿಯದವರಾಗಿದ್ದರು, ಆಮೇಲೆ ತಿಳಿದುಕೊಂಡರು ಎಂದು ಬರೆಯುತ್ತಾರೆ. ಭದ್ರಾವತಿಯ ಮಟ್ಟಿಗೆ ಅದು ಸರಿಯಲ್ಲ. ಜನಕ್ಕೆ ತಿಳಿದಿತ್ತು. ತಿಳಿದದ್ದನ್ನು ಹೇಳಿದರೆ ಯಾರ ಒಲೆ ಆರುತ್ತದೆ ಎಂಬುದೂ ತಿಳಿದಿತ್ತು.

ಕಬ್ಬಿಣದ ಹಿಂದೆಯೇ ಕಾಗದ ಬಂದಿತು. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಯಿತು. 1980ರ ದಶಕದ ಆರಂಭದಲ್ಲಿ ಅಲ್ಲಿ ಪತ್ರಿಕೆಗಳಿಗೆ ಬೇಕಾದ ಕಾಗದವೂ ತಯಾರಾಗತೊಡಗಿತು. ಕಾಗದ ಮಾಡುವುದೆಂದರೆ ಬಿದಿರಿನಿಂದಲೋ ಮರದಿಂದಲೋ ನಾರನ್ನು ಬಿಡಿಸಿಕೊಂಡು, ಆ ನಾರನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟನ್ನು ರಾಸಾಯನಿಕಗಳಲ್ಲಿ ಬೇಯಿಸಿ ತೆಗೆಯುವುದು. ಜಗತ್ತಿನ ಯಾವುದೇ ಕಾಗದದ ಗಿರಣಿಯ ಹೊರನೀರಿಗೆ ಕಂದುಬಣ್ಣ ಬರುವುದು ಈ ಲಿಗ್ನಿನ್ನಿನಿಂದ. ಕೊಳೆತ ಮೊಟ್ಟೆಯಂಥ ವಾಸನೆ ಬರುವುದು ಬೇಯಿಸುವಾಗ ಬಳಸುವ ಗಂಧಕದ ಸಂಯುಕ್ತಗಳಿಂದ. ಇಂಥ ನೀರು ಸರಿಯಾಗಿ ಶುದ್ಧವಾಗದೆ ಹೊಳೆ ಸೇರಿದರೆ, ಅದರಲ್ಲಿನ ಜೈವಿಕ ಕಶ್ಮಲವನ್ನು ಅರಗಿಸಲು ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಆಗ ಮೀನಿಗೆ ಉಸಿರಿಲ್ಲದಂತಾಗುತ್ತದೆ. ಇಲ್ಲೊಂದು ವಿಪರ್ಯಾಸವನ್ನೂ ಗಮನಿಸಬೇಕು. ಕನ್ನಡದ ಓದುಗನಿಗೆ ಕಾಡಿನ ನಾಶದ ಸುದ್ದಿಯನ್ನು ಮುಟ್ಟಿಸಿದ್ದು ಪತ್ರಿಕೆಗಳು, ಪತ್ರಿಕೆಗಳಿಗೆ ಬೇಕಾದದ್ದು ಕಾಗದ, ಕಾಗದಕ್ಕೆ ಬೇಕಾದದ್ದು ಅದೇ ಕಾಡಿನ ಬಿದಿರು ಮತ್ತು ನೀಲಗಿರಿ. ಈ ಸಾಲುಗಳೂ ಅದರಿಂದ ಹೊರತಲ್ಲ.

ಬಿದಿರಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕರ್ನಾಟಕದಲ್ಲಿ ಕಾಗದದ ಗಿರಣಿಗಳಿಂದಾಗಿ ಬಿದಿರು ಮುಗಿಯುತ್ತಿದೆ ಎಂದು ಮೊದಲು ದೂರಿದವರು ವಿಜ್ಞಾನಿಗಳಲ್ಲ, ಬುಟ್ಟಿ ಹೆಣೆಯುವ ಮೇದರು. 1970ರ ದಶಕದ ಮಧ್ಯದಲ್ಲಿ ಅವರ ದೂರನ್ನು ಪರಿಶೀಲಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳರ ಪಾಲಿಗೆ ಬಂದಿತು. ಅವರು ಉತ್ತರ ಕನ್ನಡದ ಕಾಡುಗಳನ್ನು ಸುತ್ತಿದಾಗ ಹಳ್ಳಿಗರು ತೋರಿಸಿದ ಒಂದು ಸಂಗತಿ ಬಹಳ ಮುಖ್ಯವಾದುದು. ಕಡಿಯಲು ಅನುಕೂಲವಾಗಲೆಂದು ಬಿದಿರು ಮೆಳೆಗಳ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಹಾಕುತ್ತಿದ್ದರು. ಪುಸ್ತಕದ ಪ್ರಕಾರ ಅದು ಮೆಳೆಗೆ ಒಳ್ಳೆಯದು. ಆದರೆ ಆ ಮುಳ್ಳು ಹೋದಮೇಲೆ ಎಳೆಯ ಕಳಲೆ ದನಕರುಗಳಿಗೂ ಕಾಡುಪ್ರಾಣಿಗಳಿಗೂ ತುತ್ತಾಯಿತು, ಮೆಳೆ ಮುಂದಕ್ಕೆ ಬೆಳೆಯಲಿಲ್ಲ. ಮಳೆಗಾಲದಲ್ಲಿ ಕಳಲೆ ತಿಂದು ಬೆಳೆದ ಯಾವ ಮಲೆನಾಡಿಗನಿಗೂ ಇದು ಎರಡು ನಿಮಿಷದಲ್ಲಿ ಅರ್ಥವಾಗುವ ಮಾತು. ಅರಿವು ಎನ್ನುವುದು ಯಾವಾಗಲೂ ಪೇಟೆಯಿಂದ ಹಳ್ಳಿಗೆ ಹರಿಯುತ್ತದೆ ಎಂದು ತಿಳಿದವರಿಗೆ ಈ ಪ್ರಸಂಗ ಪಾಠದಂತಿದೆ.

1980ರ ದಶಕವಂತೂ ಇಂಥ ಅರಿವಿನ ದಶಕ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೊ ಚಳವಳಿ. ನಮ್ಮ ಹೊಳೆಯ ಕೆಳಗಡೆ, ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ, 1972ರಿಂದ ನಡೆಯುತ್ತಿದ್ದ ನಾರಿನ ಕಾರ್ಖಾನೆಯ ಹೊರನೀರಿನ ವಿರುದ್ಧ ತುಂಗಭದ್ರೆಯ ದಂಡೆಯ ರೈತರೂ ಮೀನುಗಾರರೂ ದನಿಯೆತ್ತಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆ ದನಿಯ ಜೊತೆಗೆ ನಿಂತಿತು. 1984ರಲ್ಲಿ ಸರ್ಕಾರವೂ ಅದೇ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿಕೊಂಡು, ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಗೋಮಾಳ ಮತ್ತು ಕಿರುಕಾಡಿನಲ್ಲಿ ನೀಲಗಿರಿ ಬೆಳೆಸಲು ಹೊರಟವು. ದನ ಮೇಯಿಸಲು, ಸೌದೆ ಆರಿಸಲು ಇದ್ದ ಜಾಗವೆಲ್ಲ ಹೋಗುವಂತಾದಾಗ ಶಿವರಾಮ ಕಾರಂತರೂ ಇತರರೂ 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಉಪಯೋಗದ ಸಸಿಗಳನ್ನು ಹಚ್ಚಿದರು. 'ಕಿತ್ತಿಕೊ ಹಚ್ಚಿಕೊ' ಎಂಬ ಹೆಸರೇ ಆ ಸತ್ಯಾಗ್ರಹದ ಪೂರ್ತಿ ಸಾರ. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಇವರಲ್ಲಿ ಯಾರಿಗೂ ಪರಿಸರದ ಬಗ್ಗೆ ತಿಳಿವಳಿಕೆ ಕೊಡುವ ಶಿಬಿರ ನಡೆಸಬೇಕಾಗಿರಲಿಲ್ಲ. ಮೇವು, ಸೌದೆ, ಮೀನು, ಬಿದಿರು ಇವೇ ಅವರ ಗುರುಗಳು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಬಗೆಯ ಅರಿವು ಮೇಲಿನಿಂದ ಇಳಿಯುತ್ತಿತ್ತು. 1984ರ ಡಿಸೆಂಬರಿನ ಭೋಪಾಲ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. 1991ರ ನವೆಂಬರ್ 22ರಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಒಂದು ವಿಶೇಷವಾದ ಆದೇಶ ಕೊಟ್ಟಿತು. ಸಿನಿಮಾ ಮಂದಿರಗಳು ಪ್ರತಿ ಪ್ರದರ್ಶನದಲ್ಲೂ ಪರಿಸರದ ಬಗ್ಗೆ ಸ್ಲೈಡುಗಳನ್ನು ಪುಕ್ಕಟೆಯಾಗಿ ತೋರಿಸಬೇಕು, ರೇಡಿಯೋ ಮತ್ತು ದೂರದರ್ಶನಗಳು ಈ ವಿಷಯಕ್ಕೆ ಸಮಯ ಕೊಡಬೇಕು, ಶಾಲೆ ಕಾಲೇಜುಗಳಲ್ಲಿ ಅದು ಕಡ್ಡಾಯ ಪಾಠವಾಗಬೇಕು ಎಂದು. ನಮ್ಮ ಜಿಲ್ಲೆಗೆ 1965ರಿಂದಲೇ ತನ್ನದೇ ಆದ ಆಕಾಶವಾಣಿ ಇದ್ದಿತು. ರಾಜಧಾನಿಯೂ ಅಲ್ಲದ, ಜಿಲ್ಲಾ ಕೇಂದ್ರವೂ ಅಲ್ಲದ ಭದ್ರಾವತಿಗೆ ರೇಡಿಯೋ ನಿಲಯ ಇರುವುದು ನಮಗೆಲ್ಲ ಹೆಮ್ಮೆ. ಕೃಷಿರಂಗದ ಸಲಹೆಗಳಿಗೆ ಕಿವಿಗೊಡುತ್ತಿದ್ದ ಅಡಿಕೆ ತೋಟದವರೂ, ಗದ್ದೆಯವರೂ ಅದೇ ಪೆಟ್ಟಿಗೆಯಲ್ಲಿ ಓಜೋನ್ ಎಂಬ ಹೊಸ ಹೆಸರನ್ನು ಕೇಳತೊಡಗಿದರು.

ಓಜೋನ್ ಎಂದರೆ ಮೂರು ಪರಮಾಣುಗಳ ಆಮ್ಲಜನಕ. ನೆಲದಿಂದ 15ರಿಂದ 35 ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಅದು ತೆಳುವಾಗಿ ಹರಡಿಕೊಂಡು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಎಷ್ಟು ತೆಳು ಎಂದರೆ ಅದನ್ನೆಲ್ಲ ನೆಲದ ಮಟ್ಟಕ್ಕೆ ತಂದು ಇಲ್ಲಿನ ಒತ್ತಡಕ್ಕೆ ಒಗ್ಗಿಸಿದರೆ ಮೂರು ಮಿಲಿಮೀಟರ್ ದಪ್ಪವಾದೀತು. ಫ್ರಿಜ್ಜು, ಹವಾನಿಯಂತ್ರಕ, ಸಿಂಪಡಿಸುವ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಈ ಪದರವನ್ನು ಕೆಡಿಸಬಲ್ಲವು ಎಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲೇ ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕದ ಬ್ರಿಟಿಷ್ ವಿಜ್ಞಾನಿಗಳು ಪ್ರತಿ ವರ್ಷ ಅಲ್ಲಿನ ವಸಂತದಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ, ಓಜೋನ್ ಬಹಳಷ್ಟು ಕರಗಿಹೋಗುತ್ತಿರುವುದನ್ನು ಪ್ರಕಟಿಸಿದರು. ತೂತು ಎಂಬ ಮಾತು ಹುಟ್ಟಿದ್ದು ಆಗ. ಅಲ್ಲಿನ ಘೋರ ಚಳಿಯಲ್ಲಿ ಹುಟ್ಟುವ ಮೋಡಗಳ ಮೇಲೆ ಕ್ಲೋರಿನ್ ಸಜ್ಜಾಗಿ ಕುಳಿತಿದ್ದು, ಬಿಸಿಲು ಬಂದೊಡನೆ ಕೆಲಸ ಶುರುಮಾಡುತ್ತದೆ. ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ಒಡೆಯುತ್ತದೆ.

ಇದನ್ನು ಮಕ್ಕಳಿಗೆ ವಿವರಿಸಲು ನಾನು ಬಳಸುತ್ತಿದ್ದದ್ದು ಕಂಬಳಿಕೊಪ್ಪೆಯ ಹೋಲಿಕೆ. ಸೋನೆಮಳೆಯಲ್ಲಿ ಗದ್ದೆಗೆ ಹೋಗುವವನ ಕೊಪ್ಪೆಯಲ್ಲಿ ತೂತು ಬಿದ್ದರೆ ಏನಾಗುತ್ತದೆ ಎಂದು ಕೇಳಿದರೆ ಹಳ್ಳಿಯಿಂದ ಬರುವ ಹುಡುಗರಿಗೆ ಓಜೋನ್ ತಟ್ಟನೆ ಅರ್ಥವಾಗುತ್ತಿತ್ತು. 1995ರಿಂದ ಸೆಪ್ಟೆಂಬರ್ 16ನ್ನು ಓಜೋನ್ ದಿನವೆಂದು ಆಚರಿಸತೊಡಗಿದ ಮೇಲೆ ಪ್ರಬಂಧ ಸ್ಪರ್ಧೆಗಳು ಬಂದವು. ಮೊಲಿನಾ, ರೋಲೆಂಡ್ ಮತ್ತು ಕ್ರುಟ್ಸೆನ್ ಅವರಿಗೆ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಫ್ರಿಜ್ಜನ್ನು ಔಷಧದಂಗಡಿಯಲ್ಲೋ ಬೇಕರಿಯಲ್ಲೋ ಮಾತ್ರ ಕಂಡಿದ್ದ ಮಕ್ಕಳು ಕ್ಲೋರೋಫ್ಲೋರೋಕಾರ್ಬನ್ ಎಂಬ ಮಾರುದ್ದದ ಹೆಸರನ್ನು ಕಾಗುಣಿತ ತಪ್ಪದೆ ಬರೆದರು. ಅಂಥದೊಂದು ದಿನ, ಹತ್ತನೆಯ ತರಗತಿಯಲ್ಲಿ, "ನಿಮ್ಮ ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದೆ. "ಚರಂಡಿಗೆ ಸಾರ್." "ಚರಂಡಿ ಎಲ್ಲಿಗೆ ಹೋಗುತ್ತದೆ?" ತರಗತಿ ಮೌನ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮುನಿಸಿಪಾಲಿಟಿಗೆ ಸಾರ್" ಎಂದ. ಎಲ್ಲರೂ ನಕ್ಕರು. ಆದರೆ ಅವನ ಉತ್ತರದಲ್ಲಿ ತಪ್ಪೇನಿರಲಿಲ್ಲ. ಅಂಟಾರ್ಕ್ಟಿಕದ ಆಕಾಶ ಪಠ್ಯಪುಸ್ತಕದಲ್ಲಿತ್ತು, ತುಂಗೆಗೆ ಇಳಿಯುವ ಕಾಲುವೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಪುಸ್ತಕ ಮಾಡುವಾಗ ಒಂದೊಂದು ಊರಿನ ಚರಂಡಿಯನ್ನೂ ಅದರಲ್ಲಿ ಸೇರಿಸುವುದು ಹೇಗೆ?

ಓಜೋನಿನ ಬಗ್ಗೆ ತಿಳಿದದ್ದು ವ್ಯರ್ಥವಾಯಿತೆಂದು ನಾನು ಹೇಳುತ್ತಿಲ್ಲ. ಮನುಷ್ಯಕುಲ ತಾನು ಮಾಡಿದ ಕೆಡುಕನ್ನು ತಾನೇ ತಿದ್ದಿಕೊಂಡ ಅಪರೂಪದ ಉದಾಹರಣೆ ಅದು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಹಣವಿಲ್ಲದ ದೇಶಗಳ ಕಾರ್ಖಾನೆಗಳು ಹೊಸ ಯಂತ್ರ, ಹೊಸ ಅನಿಲಗಳಿಗೆ ಬದಲಾಗಲೆಂದು ಶ್ರೀಮಂತ ದೇಶಗಳು ದುಡ್ಡು ಹಾಕುವ ಒಂದು ನಿಧಿ ಏರ್ಪಟ್ಟಿತು. ಆ ನಿಧಿಯ ಭರವಸೆ ಸಿಕ್ಕ ಮೇಲೆ, 1992ರಲ್ಲಿ, ಭಾರತ ಒಪ್ಪಂದವನ್ನು ಸೇರಿತು. 2008ರ ಆಗಸ್ಟಿನಿಂದ, ಕೆಲವು ಔಷಧಗಳ ಬಳಕೆಯನ್ನು ಬಿಟ್ಟು, ಆ ಅನಿಲಗಳ ತಯಾರಿಕೆಯನ್ನು ನಮ್ಮ ದೇಶ ನಿಲ್ಲಿಸಿತು. 2023ರ ಆರಂಭದಲ್ಲಿ ಹೊರಬಂದ ವಿಶ್ವಸಂಸ್ಥೆಯ ವರದಿಯ ಅಂದಾಜಿನಂತೆ, ಜಗತ್ತಿನ ಹೆಚ್ಚಿನ ಭಾಗದಲ್ಲಿ ಓಜೋನ್ ಪದರ 2040ರ ಸುಮಾರಿಗೂ ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೂ 1980ರ ಮಟ್ಟಕ್ಕೆ ಮರಳಲಿದೆ. ನನ್ನ ವಿದ್ಯಾರ್ಥಿಗಳ ಮಕ್ಕಳು ಅದನ್ನು ಕಾಣುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಗೆಲುವಿಗಾಗಿ ಶಿವಮೊಗ್ಗದ ಯಾವ ಮನೆಯವರೂ ಫ್ರಿಜ್ಜನ್ನು ಬಿಡಬೇಕಾಗಲಿಲ್ಲ. ಬದಲಾಗಿ, ಫ್ರಿಜ್ಜು ಇಲ್ಲದ ಮನೆಗಳಿಗೂ ಅದು ಬಂದಿತು. ಅನಿಲ ತಯಾರಿಸುವವರು ಬೆರಳೆಣಿಕೆಯ ಕಂಪನಿಗಳು, ಅದಕ್ಕೆ ಬದಲಿ ವಸ್ತು ಸಿದ್ಧವಾಗಿತ್ತು, ಬದಲಾವಣೆಯ ಖರ್ಚನ್ನು ಯಾರು ಹೊರಬೇಕು ಎಂಬುದು ಕಾಗದದ ಮೇಲೆ ತೀರ್ಮಾನವಾಗಿತ್ತು. ಜನರ ತಿಳಿವಳಿಕೆ ಸರ್ಕಾರಗಳ ಬೆನ್ನಿಗೆ ನಿಂತಿತು, ಉಳಿದ ಕೆಲಸವನ್ನು ಈ ಮೂರು ಅನುಕೂಲಗಳು ಮಾಡಿದವು.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಇದೆಲ್ಲ ತಿರುವುಮುರುವು. ಅದಕ್ಕೆ ಶಿವಮೊಗ್ಗದ್ದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮದು ಅಡಿಕೆಯ ಪೇಟೆ. 1939ರಲ್ಲಿ ಆರಂಭವಾದ ಮ್ಯಾಮ್‌ಕೋಸ್ ಸಹಕಾರ ಸಂಘದಿಂದ ಹಿಡಿದು ಸಣ್ಣ ಮಂಡಿಗಳವರೆಗೆ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಮಾತುಗಳ ಮೇಲೆ ಸಾವಿರಾರು ಸಂಸಾರಗಳು ನಿಂತಿವೆ. ಅಡಿಕೆ ಮರ ಕಾಯಿಯ ಜೊತೆಗೆ ಒಂದು ಕಟ್ಟುವ ವಸ್ತುವನ್ನೂ ಪುಕ್ಕಟೆಯಾಗಿ ಕೊಡುತ್ತದೆ. ಅದು ಹಾಳೆ. ಹಾಳೆಯಲ್ಲಿ ಊಟ, ಹಾಳೆಯ ಟೋಪಿ, ಮಕ್ಕಳಿಗೆ ಎಳೆದಾಡಲು ಹಾಳೆಯ ಬಂಡಿ. ಸಂತೆಯಿಂದ ಹೂವು ಬಾಳೆ ಎಲೆಯಲ್ಲಿ, ಊಟ ಮುತ್ತುಗದ ಎಲೆಯಲ್ಲಿ, ಕಡಲೆ ಕಾಗದದ ಪೊಟ್ಟಣದಲ್ಲಿ. ಇಂಥ ಊರಿನಿಂದ ಲಾರಿ ಹತ್ತಿ ಉತ್ತರಕ್ಕೆ ಹೋದ ಅಡಿಕೆ 1980, 90ರ ದಶಕಗಳಲ್ಲಿ ಮಿರಿಮಿರಿ ಮಿಂಚುವ ಚೀಟಿಯೊಳಗೆ ಗುಟ್ಕಾ ಆಗಿ ತಿರುಗಿ ಬಂದಿತು. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ ಆ ಚೀಟಿಯನ್ನು ಗುಜರಿಯವನೂ ಮುಟ್ಟುವುದಿಲ್ಲ, ಏಕೆಂದರೆ ಪದರಗಳನ್ನು ಬಿಡಿಸಿ ಕರಗಿಸಲು ಆಗುವುದಿಲ್ಲ. ಅಡಿಕೆಯ ಧಾರಣೆ ಏರಿದ್ದರಲ್ಲಿ ಗುಟ್ಕಾದ ಪಾಲೂ ಇತ್ತು. ಆ ಹಣದಲ್ಲಿ ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಇಂಜಿನಿಯರು ಮಾಡಿದವರಿದ್ದಾರೆ. ಚರಂಡಿ ಕಟ್ಟಿಕೊಂಡದ್ದೂ ಅದೇ ಅಡಿಕೆಯ ಚೀಟಿಯಿಂದ.

ಕಾನೂನುಗಳು ಬರಲಿಲ್ಲವೆಂದಲ್ಲ. 1999ರಲ್ಲಿ ಕೇಂದ್ರ ಸರ್ಕಾರ 20 ಮೈಕ್ರಾನಿಗಿಂತ ತೆಳುವಾದ ಚೀಲ ಬೇಡವೆಂದಿತು. ಮುಂದೆ ಆ ಅಂಕಿ 40 ಆಯಿತು, 50 ಆಯಿತು, 75 ಆಯಿತು, 2022ರ ಕೊನೆಗೆ 120 ಆಯಿತು. ಗುಟ್ಕಾವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದೆಂಬ ಸುಪ್ರೀಂ ಕೋರ್ಟಿನ ಆದೇಶ 2011ರ ಮಾರ್ಚಿನಿಂದ ಜಾರಿಗೆ ಬಂದಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟಿಯಲ್ಲೂ ತಂಬಾಕು ಇನ್ನೊಂದು ಚೀಟಿಯಲ್ಲೂ ಬರತೊಡಗಿ, ಇದ್ದ ಒಂದು ಕಸ ಎರಡಾಯಿತು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಂದೇ ಸಲ ಬಳಸಿ ಬಿಸಾಡುವ ಕೆಲವು ಸಾಮಾನುಗಳು ನಿಷೇಧವಾದವು. ಗಾಂಧಿಬಜಾರಿನ ತರಕಾರಿಯವಳಿಗೆ ಈ ಕಾನೂನುಗಳ ಅರಿವಿಲ್ಲವೆಂದು ಯಾರೂ ತಿಳಿಯಬೇಕಿಲ್ಲ. "ಕವರ್ ಕೊಡಬಾರ್ದಂತೆ ಸಾರ್, ಆದ್ರೆ ಕವರ್ ಇಲ್ದಿದ್ರೆ ನೀವು ಪಕ್ಕದಂಗಡೀಗೆ ಹೋಗ್ತೀರಲ್ಲ" ಎಂದು ಅಂಥವಳೊಬ್ಬಳು ನನಗೇ ಹೇಳಿದಳು. ಓಜೋನಿನಲ್ಲಿ ತಯಾರಕರು ಬದಲಾಗಬೇಕೆಂದು ಕೇಳಿದರು. ಪ್ಲಾಸ್ಟಿಕ್ಕಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವಳು ಬದಲಾಗಬೇಕೆಂದು ಕೇಳುತ್ತಿದ್ದಾರೆ. ಖರ್ಚನ್ನು ಹೊರುವ ನಿಧಿ ಅವಳಿಗೆ ಯಾವುದೂ ಇಲ್ಲ.

ಇನ್ನು ಹೊಳೆಯ ಮಾತು. ಈ ಶತಮಾನದ ಮೊದಲ ವರ್ಷಗಳಲ್ಲಿ ಮಲೆನಾಡಿನ ಅರಿವು ತನ್ನ ಪೂರ್ಣಬಲದಲ್ಲಿ ಎದ್ದು ನಿಂತದ್ದನ್ನು ನಾವು ಕಂಡಿದ್ದೇವೆ. ಭದ್ರೆಯ ಹುಟ್ಟಿನ ಬಳಿಯಲ್ಲೇ, ಕುದುರೆಮುಖದಲ್ಲಿ, 1976ರಲ್ಲಿ ಸ್ಥಾಪನೆಯಾದ ಕಂಪನಿಯ ಕಬ್ಬಿಣದ ಗಣಿ ಇದ್ದಿತು. ಅದಿರನ್ನು ನೀರಿನಲ್ಲಿ ಕಲೆಸಿ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳಿಯುತ್ತಿತ್ತು. 1999ರಲ್ಲಿ ಗುತ್ತಿಗೆ ಮುಗಿದಾಗ, ಅದನ್ನು ಮುಂದುವರಿಸಬಾರದೆಂದು ಶೃಂಗೇರಿ, ಕೊಪ್ಪ, ಶಿವಮೊಗ್ಗಗಳಲ್ಲಿ ರೈತರೂ ವಿದ್ಯಾರ್ಥಿಗಳೂ ಬೀದಿಗಿಳಿದರು. ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ಕೊಟ್ಟ ತೀರ್ಪಿನಂತೆ 2005ರ ಕೊನೆಯ ದಿನ ಗಣಿ ನಿಂತಿತು. ಪಾಠದಲ್ಲಿ ಓದಿದ್ದ ಅರಿವೂ ಬದುಕಿನ ಅರಿವೂ ಒಂದಾದ ಗಳಿಗೆ ಅದು. 'ತುಂಗಾ ಪಾನ, ಗಂಗಾ ಸ್ನಾನ' ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದ ಹುಡುಗರು ಆ ಮೆರವಣಿಗೆಗಳಲ್ಲಿ ಇದ್ದರು.

ಭದ್ರಾವತಿಯ ಕತೆ ಮಾತ್ರ ಹೀಗೆ ಮುಗಿಯಲಿಲ್ಲ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿತ್ತು. ಅದನ್ನು ಮುಚ್ಚುವ ನಿರ್ಧಾರ, ಅದಕ್ಕೆ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಪ್ರಕಟವಾಯಿತು. ಕಾರ್ಮಿಕರು ಹೋರಾಟಕ್ಕೆ ಕುಳಿತ ನಂತರ ಅದೇ ವರ್ಷ ಸ್ವಲ್ಪಮಟ್ಟಿನ ಕೆಲಸ ಮತ್ತೆ ಶುರುವಾಯಿತು. ಇವು ಹೊಳೆಯ ಸಲುವಾಗಿ ನಿಂತವಲ್ಲ, ನಷ್ಟದಿಂದ ನಿಂತವು. ಕಾರ್ಖಾನೆಗೆ ಕೊಟ್ಟಿದ್ದ ಮೂವತ್ತು ಸಾವಿರ ಹೆಕ್ಟೇರಿನ ಆಸುಪಾಸಿನ ನೆಡುತೋಪಿನ ಗುತ್ತಿಗೆಯನ್ನು 2020ರಲ್ಲಿ ನವೀಕರಿಸಲು ಹೊರಟಾಗ, 'ನಮ್ಮೂರಿಗೆ ಅಕೇಶಿಯಾ ಬೇಡ' ಎಂದು ಜಿಲ್ಲೆಯ ತುಂಬ ದನಿ ಎದ್ದಿತು. ಆ ದನಿಯಲ್ಲಿ ನನ್ನದೂ ಸೇರಿದೆ. ಆದರೆ ಅದೇ ಹೊತ್ತಿಗೆ, ಕಾರ್ಖಾನೆ ಮತ್ತೆ ಆರಂಭವಾಗಲಿ ಎಂದು ದೇವರಿಗೆ ಹರಕೆ ಹೊತ್ತ ಸಂಸಾರಗಳು ನನ್ನ ಹುಟ್ಟೂರಿನಲ್ಲಿ ಇದ್ದವು. ಅವರ ಕಾಲೊನಿಯ ಮನೆಗಳ ಬಾಗಿಲಲ್ಲಿ ನಿಂತು ಅಕೇಶಿಯಾದ ಕೆಡುಕನ್ನು ವಿವರಿಸಲು ನನಗೆ ಬಾಯಿ ಬರಲಿಲ್ಲ. ಒಂದು ಫ್ರಿಜ್ಜಿನ ಕಾರ್ಖಾನೆ ಅನಿಲ ಬದಲಿಸಿಕೊಳ್ಳಲಿ ಎಂದು ಜಗತ್ತೆಲ್ಲ ಸೇರಿ ಹಣ ಕೂಡಿಸಿತು. ಒಂದು ಊರು ತನ್ನ ಬದುಕಿನ ದಾರಿಯನ್ನು ಬದಲಿಸಿಕೊಳ್ಳಬೇಕಾದಾಗ ಆ ಖರ್ಚು ಪೂರ್ತಿಯಾಗಿ ಪಾಳಿ ಕೆಲಸದವರ ತಲೆಯ ಮೇಲೆ ಬಿದ್ದಿತು. ಪರಿಸರದ ಬಗ್ಗೆ ಮಾತಾಡುವವರು ಈ ಲೆಕ್ಕವನ್ನು ಬಿಟ್ಟು ಮಾತಾಡಿದರೆ, ಭದ್ರಾವತಿಯಂಥ ಊರಿನಲ್ಲಿ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳಬೇಕೆಂದು ಕೇಳುವ ಹಕ್ಕೂ ಅವರಿಗಿಲ್ಲ.

ಕಾಗದದ ಕಾರ್ಖಾನೆ ನಿಂತು ಮೂರು ವರ್ಷಗಳಾದ ಮೇಲೆ, 2018ರಲ್ಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕಲುಷಿತ ನದಿಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ 17 ನದಿಭಾಗಗಳು ಅದರಲ್ಲಿದ್ದವು. ತುಂಗೆ, ಭದ್ರೆ, ತುಂಗಭದ್ರೆ ಮೂರೂ ಇದ್ದವು. ತುಂಗೆಯ ದಂಡೆಯ ಶಿವಮೊಗ್ಗದಲ್ಲಿ ಕಬ್ಬಿಣದ ದೊಡ್ಡ ಕುಲುಮೆಯೂ ಇರಲಿಲ್ಲ, ಕಾಗದದ ಗಿರಣಿಯೂ ಇರಲಿಲ್ಲ. ಅಲ್ಲಿ ಹೊಳೆಗೆ ಇಳಿಯುವುದು ಮುಖ್ಯವಾಗಿ ನಮ್ಮ ಬಚ್ಚಲು, ನಮ್ಮ ಕಕ್ಕಸು, ನಮ್ಮ ಪ್ಲಾಸ್ಟಿಕ್ಕು. ನಗರ ತನ್ನ ಕುಡಿಯುವ ನೀರನ್ನು ಊರಿನ ಮೇಲ್ಗಡೆಯಲ್ಲಿ ಎತ್ತಿಕೊಳ್ಳುತ್ತದೆ, ಬಳಸಿದ ನೀರು ಕೆಳಗಡೆ ಹೊಳೆಗೆ ಸೇರುತ್ತದೆ. ಹೀಗಾಗಿ ನಾವು ಮಾಡಿದ್ದು ನಮ್ಮ ಲೋಟಕ್ಕೆ ಬರುವುದಿಲ್ಲ. ಅದು ಹದಿನೈದು ಕಿಲೋಮೀಟರ್ ಕೆಳಗೆ, ತುಂಗೆಯೂ ಭದ್ರೆಯೂ ಕೂಡುವ ಕೂಡ್ಲಿಯಲ್ಲಿ, ಸಂಗಮದಲ್ಲಿ ಮುಳುಗು ಹಾಕಲು ಬಂದವರ ಬೊಗಸೆಗೆ ಬರುತ್ತದೆ. ಆ ಮೇಲೆ ಹೊನ್ನಾಳಿ, ಹರಿಹರ, ಹಂಪಿ, ಮಂತ್ರಾಲಯ. ಹೊಳೆಯ ಮೇಲ್ಗಡೆ ಇರುವವನಿಗೆ ಅರಿವು ತಡವಾಗಿ ಬರುವುದು ಇದೇ ಕಾರಣಕ್ಕೆ.

2024ರ ನವೆಂಬರಿನಲ್ಲಿ ಶೃಂಗೇರಿಯಿಂದ ತುಂಗಭದ್ರೆಯ ಉದ್ದಕ್ಕೂ ಒಂದು ಪಾದಯಾತ್ರೆ ಹೊರಟಿತು. ಹೊಳೆಯನ್ನು ಶುದ್ಧವಾಗಿಡಿ ಎಂಬುದು ಅದರ ಬೇಡಿಕೆ. ಹೊಳೆಯ ಜೊತೆಗೆ ಕೆಳಕ್ಕೆ ನಡೆಯುವುದು ನನಗೆ ಒಳ್ಳೆಯ ಕ್ರಮವಾಗಿ ಕಾಣುತ್ತದೆ. ಪ್ರತಿ ಶಾಲೆಯ ಗೋಡೆಯ ಮೇಲೆ ಭೂಪಟದ ಪಕ್ಕದಲ್ಲಿ ಇನ್ನೊಂದು ಪಟ ಇರಲಿ ಎಂಬುದು ನನ್ನ ಆಸೆ. ಅದರಲ್ಲಿ ಆ ಶಾಲೆಯ ಬಚ್ಚಲಿನಿಂದ ಹೊರಟ ಒಂದು ಗೆರೆ ಯಾವ ಬೀದಿಯ ಚರಂಡಿ ಹಿಡಿದು, ಯಾವ ಶುದ್ಧೀಕರಣ ಘಟಕವನ್ನು ಹೊಕ್ಕು ಅಥವಾ ಹೊಗದೆ, ಎಲ್ಲಿ ಹೊಳೆ ಸೇರುತ್ತದೆ ಎಂಬುದನ್ನು ಮಕ್ಕಳೇ ಅಳೆದು ಬರೆಯಲಿ. ಗೆರೆಯ ಪಕ್ಕದಲ್ಲಿ, ಆ ಘಟಕ ಇಲ್ಲದಿದ್ದರೆ ಅದನ್ನು ಕಟ್ಟಲು ಎಷ್ಟು ಹಣ ಬೇಕು, ಅದನ್ನು ಯಾರು ಕೊಡಬೇಕು ಎಂಬುದನ್ನೂ ಬರೆಯಲಿ. ಓಜೋನ್ ಪದರದ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳಬಲ್ಲ ಮಕ್ಕಳಿಗೆ ಇದು ಕಷ್ಟದ ಲೆಕ್ಕವಲ್ಲ.